ಬ್ರೇಕ್ ಹಿಡಿದರೆ ಹಾರ್ನ್

ನನ್ನ ಕೈಯಲ್ಲಿ ಆದ ಕೆಲಸದಲ್ಲಿ ತಪ್ಪಿದೆ ಎಂದು ಯಾರಾದರೂ ಹೇಳಿದರೆ ನನಗೆ ಎಲ್ಲಿಲ್ಲದ ಕೋಪ ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದೇನೆ. ಅಪ್ಪ ಹಾಕಿದ ಅಂಗಡಿ, ಅಪ್ಪನೇ ಕಲಿಸಿದ ಕೆಲಸ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದೇನೆ: ‘ಮೊದಲು ಟೆಸ್ಟ್ ಲ್ಯಾಂಪ್, ಆಮೇಲೆ ಮಾತು.’ ಟೆಸ್ಟ್ ಲ್ಯಾಂಪ್ ಅಂದರೆ ಯಾವ ವೈರಿನಲ್ಲಿ ಕರೆಂಟು ಇದೆ ಎಂದು ತೋರಿಸುವ ಪುಟ್ಟ ದೀಪ. ಗಾಡಿ ತಂದವರು ತಾವೇ ಡಾಕ್ಟರಾಗಿ “ಬ್ಯಾಟರಿ ಹೋಗಿದೆ ಕಣಮ್ಮ” ಎಂದು ತೀರ್ಪು ಕೊಟ್ಟರೆ ನಾನು ಬಾಯಿ ಬಿಡುವುದಿಲ್ಲ, ಸುಮ್ಮನೆ ಗೋಡೆ ತೋರಿಸುತ್ತೇನೆ. ಈಗ ಆ ಗೋಡೆಗೆ ನಾನೇ ಮುಖ ತೋರಿಸುವ ಹಾಗಿಲ್ಲ. ಯಾಕೆ ಅನ್ನುವುದನ್ನು ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳಿದರೆ ಅದಕ್ಕೆ ಕೈಕಾಲು ಬಂದಿರುತ್ತದೆ.

ನಮ್ಮಮ್ಮ ಹಾಲಿನವಳು. ಗುಡ್ಡದ ಮೇಲಿನ ಹತ್ತೊಂಬತ್ತು ಮನೆಗಳಿಂದ ದಿನಾ ಬೆಳಗ್ಗೆ ಹಾಲು ಎತ್ತಿ, ನಮ್ಮ ಬೀದಿಯ ಕೊನೆಯಲ್ಲಿರುವ ಡೈರಿಗೆ ಎಂಟು ಗಂಟೆಯೊಳಗೆ ಮುಟ್ಟಿಸುವುದು ಅವಳ ಕೆಲಸ. ಅರವತ್ತಾರು ವರ್ಷ ವಯಸ್ಸು. ಏರುವುದಕ್ಕೆ ಹಿಂಬದಿಯ ಮಣ್ಣು ದಾರಿ, ಇಳಿಯುವುದಕ್ಕೆ ಮುಂಬದಿಯ ಕಲ್ಲು ದಾರಿ. ಮನೆಗಳೆಲ್ಲ ಇಳಿಯುವ ದಾರಿಯಲ್ಲೇ ಇವೆ, ಅದೂ ದಾರಿಯಿಂದ ಮೂವತ್ತು ನಲವತ್ತು ಹೆಜ್ಜೆ ಒಳಗೆ. ಆ ದಾರಿಗೆ ಕಾರು ಗೀರು ಆಗುವುದಿಲ್ಲ. ಅದಕ್ಕೇ ಅವಳು ಓಡಿಸುವುದು ದಪ್ಪ ಟೈರಿನ, ನಾಲ್ಕು ಚಕ್ರದ ಬೈಕು. ಎಟಿವಿ ಅನ್ನುತ್ತಾರಲ್ಲ, ಅದು. ಮುಂದೆ ಎರಡು ಕ್ಯಾನು, ಹಿಂದೆ ನಾಲ್ಕು, ನಡುವೆ ಅಮ್ಮ.

ಅವಳಿಗೆ ಗಾಡಿ ಕಲಿಸಿದವನು ಅಪ್ಪ. ಆ ಕಾಲದ ನಮ್ಮ ಸ್ಕೂಟರಿಗೆ ಸ್ಟಾರ್ಟ್ ಆದ ತಕ್ಷಣ ಮುಂದಕ್ಕೆ ಹಾರುವ ಚಟ ಇತ್ತು. ಅದು ಒಂದು ಸಲ ಅಮ್ಮನನ್ನು ಎದುರಿನ ಚರಂಡಿಗೆ ಇಳಿಸಿದ ಮೇಲೆ ಅಪ್ಪ ಕಾನೂನು ಮಾಡಿದ: ಗಾಡಿಯಲ್ಲಿ ಏನು ಮುಟ್ಟುವುದಿದ್ದರೂ ಮೊದಲು ಬ್ರೇಕ್ ಹಿಡಿಯಬೇಕು. ಲೈಟ್ ಹಾಕುವುದಿರಲಿ, ಕನ್ನಡಿ ಒರೆಸುವುದಿರಲಿ, ಮೊದಲು ಬ್ರೇಕ್. ಇಳಿಜಾರಿನಲ್ಲಿ ಒಂದೇ ಸಲ ಬ್ರೇಕ್ ಅದುಮಬಾರದು, ಎರಡು ಸಲ ಮೆಲ್ಲಗೆ ಮುಟ್ಟಿ ಮೂರನೇ ಸಲ ಗಟ್ಟಿ ಹಿಡಿಯಬೇಕು ಅನ್ನುವುದೂ ಅವನದೇ ಪಾಠ. ಅಪ್ಪ ಹೋಗಿ ಒಂಬತ್ತು ವರ್ಷವಾದರೂ ಅಮ್ಮನ ಕೈ ಆ ಪಾಠ ಬಿಟ್ಟಿಲ್ಲ.

ಇನ್ನು ಅಮ್ಮನ ಗಂಟಲು. “ಹಾಲ್, ಹಾಲ್, ಹಾಲೂ...” ಎಂದು ಅವಳು ಒಂದು ತಿರುವಿನಲ್ಲಿ ಕೂಗಿದರೆ ಮುಂದಿನ ಮೂರು ಮನೆಯವರು ಕ್ಯಾನು ಹಿಡಿದು ಗೇಟಿಗೆ ಬಂದಿರುತ್ತಿದ್ದರು. ಹಾಗಿದ್ದ ಗಂಟಲಿಗೆ ಹೋದ ಚಳಿಗಾಲದಲ್ಲಿ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೀವ ಉಳಿಯಿತು, ದನಿ ಮಾತ್ರ ಹೋಯಿತು. ಈಗ ಮಾತಾಡಿದರೆ ಬರೀ ಉಸಿರು ಬರುತ್ತದೆ, ಪಕ್ಕದಲ್ಲಿ ನಿಂತು ಕಿವಿ ಕೊಟ್ಟರೆ ಮಾತ್ರ ಕೇಳುತ್ತದೆ. ನಮ್ಮದು ಎಲ್ಲರೂ ಗಟ್ಟಿ ಗಂಟಲಿನ ಮನೆ, ಅದರಲ್ಲೂ ನನ್ನದು ಕೇಳುವುದೇ ಬೇಡ. ಕೂಗುವುದಕ್ಕೆ ಆಗದೆ ಅಮ್ಮ ಹತ್ತೊಂಬತ್ತು ಕಡೆಯೂ ಇಳಿದು, ಒಳಗೆ ನಡೆದು, ಬಾಗಿಲು ತಟ್ಟಿ, ಮತ್ತೆ ಬಂದು ಹತ್ತಬೇಕಾಯಿತು. ಎಂಟರ ಹಾಲು ಎಂಟೂವರೆಗೆ, ಎಂಟೂ ಮುಕ್ಕಾಲಿಗೆ ಬರತೊಡಗಿತು.

ಒಂದು ಗುರುವಾರ ಡೈರಿಯ ಸೂಪರ್‌ವೈಸರ್ ಅಂಗಡಿಗೆ ಬಂದರು. ಮಾತಿಗೊಂದು ಸಲ ಮಣಿಕಟ್ಟು ನೋಡುವುದರಿಂದ ಅವರಿಗೆ ನಾವಿಟ್ಟ ಹೆಸರು ಗಡಿಯಾರ.

“ನಂಗೂ ಬೇಜಾರೇ ಕಣಮ್ಮ,” ಎಂದರು ವಾಚ್ ನೋಡಿಕೊಂಡು. “ಆದ್ರೆ ಹಾಲು ಕಾಯಲ್ಲ. ಸೋಮವಾರ ನಾನೇ ನಿಮ್ಮಮ್ಮನ ಹಿಂದೆ ಬರ್ತೀನಿ. ಎಂಟರೊಳಗೆ ಬಂದ್ರೆ ಸರಿ. ಇಲ್ಲಾಂದ್ರೆ ಗುಡ್ಡದ ಬುಡದಲ್ಲಿ ವ್ಯಾನ್ ನಿಲ್ಲಿಸ್ತೀವಿ, ಮನೆಯೋರೇ ಹೊತ್ಕೊಂಡು ಇಳೀಲಿ.”

“ಆ ಮನೆಗಳಲ್ಲಿ ಅರ್ಧದಷ್ಟು ಜನ ಬರೀ ಕೈ ಬೀಸ್ಕೊಂಡು ಇಳಿಯೋಕೇ ಒದ್ದಾಡ್ತಾರೆ. ಕ್ಯಾನು ಹೊತ್ಕೊಂಡು ಇಳೀತಾರಾ? ನೀವೇನು ಮನುಷ್ಯರಾ?” ಎಂದು ನಾನು ಶುರು ಮಾಡಿದೆ. ಅಮ್ಮ ನನ್ನ ತೋಳು ಎಳೆದು ಏನೋ ಹೇಳಿದಳು. ನಾನು ಬೈಯುವುದರಲ್ಲಿ ಮುಳುಗಿದ್ದೆ, ಕೇಳಲಿಲ್ಲ. ಅವರು ಹೋದ ಮೇಲೆ ಅವಳು ನನ್ನ ಕೈಗೆ ಒಂದು ಚೀಟಿ ಕೊಟ್ಟಳು. ‘ಹಾರ್ನ್ ಹಾಕಿಕೊಡು’ ಎಂದು ಬರೆದಿತ್ತು.

ನನಗೆ ನನ್ನ ಮೇಲೇ ಸಿಟ್ಟು ಬಂತು. ನಾಲ್ಕು ತಿಂಗಳು ನನಗೆ ಇದು ಹೊಳೆಯಲಿಲ್ಲವಲ್ಲ! ಆ ಗಾಡಿ ಹಾರ್ನ್ ಇಲ್ಲದೆಯೇ ಬರುತ್ತದೆ. ಕಾಡುಮೇಡಿನಲ್ಲಿ ಯಾರಿಗೆ ದಾರಿ ಬಿಡಿ ಅನ್ನಬೇಕು ಎಂದು ಮಾಡಿದವರು ಅಂದುಕೊಂಡಿರಬೇಕು.

ಶುಕ್ರವಾರ ಮಧ್ಯಾಹ್ನ ಕೆಲಸಕ್ಕೆ ಕೂತೆ. ನಮ್ಮ ಅಂಗಡಿಯ ಒಂದು ಅರ್ಧ ನನ್ನದು, ಇನ್ನೊಂದು ಅರ್ಧ ನನ್ನ ಗಂಡನದು. ಅವರು ಟೇಲರ್. ನನ್ನ ಕಡೆ ಗ್ರೀಸು, ಅವರ ಕಡೆ ಬಿಳಿ ಬಟ್ಟೆ, ನಡುವೆ ಒಂದು ಬೆಂಚು, ದಿನಾ ಒಂದು ಜಗಳ. ಬಸವನ ಹುಳುವಿನ ಹಾಗೆ ಸುತ್ತಿಕೊಂಡಿರುವ ಒಂದು ಜೋಡಿ ಹಾರ್ನ್ ತೆಗೆದು ಗಾಡಿಯ ಮೂತಿಗೆ ಬೋಲ್ಟ್ ಮಾಡಿದೆ. ಸೀಟು ಎತ್ತಿ ಬ್ಯಾಟರಿಯಿಂದ ದಪ್ಪ ವೈರು ಎಳೆದೆ, ನಡುವೆ ಫ್ಯೂಸ್ ಹಾಕಿದೆ, ರಿಲೇ ಕೂರಿಸಿದೆ. ರಿಲೇ ಅಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಹಾರ್ನಿಗೆ ಬೇಕಾದ ಕರೆಂಟು ಅದರ ಮೂಲಕ ಹೋಗುತ್ತದೆ, ಆದರೆ ‘ಈಗ ಬಿಡು’ ಎಂದು ಅದಕ್ಕೆ ಅಪ್ಪಣೆ ಕೊಡುವುದಕ್ಕೆ ಬೇರೊಂದು ಸಣ್ಣ ವೈರು ಬೇಕು. ಆ ಅಪ್ಪಣೆ ಎಲ್ಲಿಂದ ಬರುತ್ತದೋ ಅಲ್ಲಿ ಮುಟ್ಟಿದರೆ ಹಾರ್ನ್ ಕೂಗುತ್ತದೆ. ಇಡೀ ಕತೆ ಇರುವುದು ಆ ಸಣ್ಣ ವೈರಿನಲ್ಲೇ.

ಗಾಡಿಯ ಎಡ ಹ್ಯಾಂಡಲ್ಲಿನಲ್ಲಿ ಯಾವ ಕೆಲಸಕ್ಕೂ ಬಾರದ ಒಂದು ಹಸಿರು ಗುಂಡಿ ಮೊದಲಿಂದಲೂ ಇತ್ತು. ಅದರ ವೈರು ಸೀಟಿನ ಕೆಳಗೆ ಬಂದು ಸುಮ್ಮನೆ ಮಲಗಿದೆ ಅನ್ನುವುದು ನನಗೆ ಗೊತ್ತಿತ್ತು. ಹೋದ ವರ್ಷ ನಾನೇ ಅದನ್ನು ನೋಡಿ ಹಳದಿ ಟೇಪು ಸುತ್ತಿದ್ದೆ. ನಮ್ಮ ಅಂಗಡಿಯಲ್ಲಿ ಹಳದಿ ಟೇಪು ಅಂದರೆ ‘ಪರೀಕ್ಷೆ ಆಗಿದೆ, ಬಳಸಿಕೋ’ ಎಂದು ಅರ್ಥ. ಅಪ್ಪನ ಕಾಲದಿಂದ ಬಂದ ಪದ್ಧತಿ, ಇನ್ನೆಲ್ಲೂ ಇಲ್ಲ. ಸೀಟಿನ ಕೆಳಗೆ ಇಣುಕಿದೆ. ಹಳದಿ ಟೇಪು ಸುತ್ತಿದ ವೈರು ಕಣ್ಣ ಮುಂದೆಯೇ ಇತ್ತು. ಕತ್ತರಿಸಲು ಹೋಗಲಿಲ್ಲ, ಟೇಪಿನ ಪಕ್ಕದಲ್ಲೇ ಸಿಪ್ಪೆ ಸುಲಿದು ನನ್ನ ವೈರು ಹೊಸೆದು ಬೆಸುಗೆ ಹಾಕಿದೆ.

“ಟೆಸ್ಟ್ ಲ್ಯಾಂಪ್ ಹಿಡಿಯಲ್ವಾ ತಾಯಿ?” ಎಂದರು ನನ್ನ ಗಂಡ, ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ.

“ನೀವು ನಿಮ್ಮ ಕತ್ತರಿ ನೋಡ್ಕೊಳ್ಳಿ.”

“ಗೋಡೆ ಮೇಲೆ ಬರ್ದಿದೆಯಲ್ಲ ಅಂತ ಕೇಳ್ದೆ.”

“ಅದು ಗೊತ್ತಿಲ್ಲದೋರಿಗೆ.”

ಅಮ್ಮನನ್ನು ಸೀಟಿನ ಮೇಲೆ ಕೂರಿಸಿ ಕೀ ತಿರುಗಿಸಿದೆ. ನಾನು ಮುಂದೆ ಹೋಗಿ ಹಾರ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು “ಒತ್ತಮ್ಮಾ!” ಎಂದೆ. ಪೇಂ! ನನ್ನ ಎರಡು ಕಿವಿಯೂ ಗುಂಯ್ ಅಂದವು. “ಬಿಡು!” ಅಂದೆ, ನಿಂತಿತು. ಮತ್ತೆ ಒತ್ತು ಅಂದೆ, ಮತ್ತೆ ಕೂಗಿತು. ಅಮ್ಮನ ಮುಖ ಅರಳಿತು. ನಾನು ಗಂಡನ ಕಡೆ ತಿರುಗಿ ನೋಡಿದ ಪೊಗರು ಇವತ್ತು ನೆನೆದರೆ ನಾಚಿಕೆಯಾಗುತ್ತದೆ.

ಶನಿವಾರ ಬೆಳಗ್ಗೆ ಅಂಗಡಿಯ ಶಟರ್ ಎತ್ತುವಾಗ ಗುಡ್ಡದ ಕಡೆಯಿಂದ ಹಾರ್ನ್ ಕೇಳಿಸಿತು. ಹೊಟ್ಟೆ ತಣ್ಣಗಾಯಿತು. ಸ್ವಲ್ಪ ಹೊತ್ತಿಗೆ ಗಾಡಿ ನಮ್ಮ ಬೀದಿಗೆ ತಿರುಗಿತು, ಆಗಲೂ ಹಾರ್ನ್. ಮೋರಿಯ ಹತ್ತಿರ ಹಾರ್ನ್. ರಸ್ತೆ ಉಬ್ಬಿನ ಹತ್ತಿರ ಹಾರ್ನ್. ಅಡ್ಡ ಬಂದ ನಾಯಿಗೆ ಹಾರ್ನ್, ಅಡ್ಡ ಬಾರದೆ ನಿಂತಿದ್ದ ಕ್ಷೌರದಂಗಡಿಯವನಿಗೂ ಹಾರ್ನ್.

“ನಿಮ್ಮಮ್ಮ ಬೀದಿಯೋರಿಗೆಲ್ಲ ಕ್ಷೇಮ ಸಮಾಚಾರ ಕೇಳ್ಕೊಂಡು ಬರ್ತಿದ್ದಾರೆ,” ಎಂದರು ನನ್ನ ಗಂಡ.

ಡೈರಿಯಲ್ಲಿ ಹಾಲು ಅಳೆದುಕೊಟ್ಟು ಅಮ್ಮ ಅಂಗಡಿಯ ಮುಂದೆ ಬಂದು ನಿಲ್ಲಿಸಿದಳು. ಬ್ರೇಕ್ ಹಿಡಿದೇ ಇದ್ದಳು, ಹಾರ್ನ್ ಕೂಗುತ್ತಲೇ ಇತ್ತು. ಕಿಟಕಿಗಳಲ್ಲಿ ತಲೆಗಳು ಬಂದವು. ಅವಳು ಬ್ರೇಕ್ ಬಿಟ್ಟಳು, ಹಾರ್ನ್ ನಿಂತಿತು. ಓಡಿಹೋಗಿ ಸೀಟು ಎತ್ತಿ, ಈ ಸಲ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದೆ. ನಾನು ಬೆಸುಗೆ ಹಾಕಿದ್ದು ಹಸಿರು ಗುಂಡಿಯ ವೈರಿಗಲ್ಲ, ಹಿಂದಿನ ಬ್ರೇಕ್ ಲೈಟಿನ ವೈರಿಗೆ. ಬ್ರೇಕ್ ಮುಟ್ಟಿದಾಗಲೆಲ್ಲ ರಿಲೇಗೆ ಅಪ್ಪಣೆ. ಗುಂಡಿಯ ವೈರು ಅದರ ಅಡಿಯಲ್ಲಿ, ಟೇಪು ಕಳಚಿ, ಬತ್ತಲೆಯಾಗಿ ಬಿದ್ದಿತ್ತು. ಹಾಗಾದರೆ ಹಿಂದಿನ ದಿನ ಗುಂಡಿ ಒತ್ತಿದಾಗ ಹೇಗೆ ಕೂಗಿತು? ನಾನು ಒತ್ತು ಅಂದಾಗ ಅಮ್ಮ ಅಪ್ಪನ ಕಾನೂನಿನಂತೆ ಮೊದಲು ಬ್ರೇಕ್ ಹಿಡಿದು ಆಮೇಲೆ ಗುಂಡಿ ಒತ್ತಿದ್ದಳು. ಬಿಡು ಅಂದಾಗ ಎರಡನ್ನೂ ಬಿಟ್ಟಿದ್ದಳು. ಗುಂಡಿ ಒತ್ತಿದ್ದು ದಂಡ, ಕೂಗಿಸಿದ್ದು ಬ್ರೇಕು.

“ಬ್ರೇಕ್ ಲೈಟಿನ ವೈರಿಗೆ ಹಳದಿ ಟೇಪು ಸುತ್ತಿದ್ಯಾರು?” ಎಂದು ಕೂಗಿದೆ. ನನ್ನ ಕಣ್ಣು ನೇರವಾಗಿ ಗಂಡನ ಕತ್ತರಿಯ ಮೇಲೆ ಹೋಯಿತು. ಅದರ ಮುರಿದ ಹಿಡಿಗೆ ಅದೇ ಹಳದಿ ಟೇಪು. “ನೀವೇ! ಸೀಟಿನ ಕವರ್ ಹೊಲಿಯೋವಾಗ ಅದನ್ನೂ ಸುತ್ತಿದ್ದೀರಿ!”

“ನಾನಾ? ನಾನು ವೈರ್ ಮುಟ್ಟೋದುಂಟಾ? ನಿನ್ನ ಭಯಕ್ಕೆ ಸ್ವಿಚ್ ಹಾಕೋಕೂ ಯೋಚ್ನೆ ಮಾಡ್ತೀನಿ.”

ಅಮ್ಮ ನನ್ನ ತೋಳು ಹಿಡಿದು ಏನೋ ಹೇಳಿದಳು. “ನೀನು ಸುಮ್ನಿರಮ್ಮ, ಗಂಟಲಿಗೆ ಆಯಾಸ,” ಎಂದೆ. ಮತ್ತೆ ತೋಳು ಹಿಡಿದಳು. “ಇರಮ್ಮಾ!” ಎಂದೆ. ಮೂರನೇ ಸಲ ಡೈರಿಯ ಚೀಟಿಯನ್ನು ನನ್ನ ಕಣ್ಣ ಮುಂದೆ ಹಿಡಿದು ಏನೋ ಹೇಳಿದಳು. ನಾನು ಚೀಟಿಯನ್ನು ಜೇಬಿಗೆ ತುರುಕಿ ಗಂಡನನ್ನು ಬೈಯುವ ಕೆಲಸ ಮುಂದುವರಿಸಿದೆ. ಮಧ್ಯಾಹ್ನದೊಳಗೆ ವೈರು ಬದಲಾಯಿಸಿ, ಬ್ರೇಕಿಗೂ ಹಾರ್ನಿಗೂ ಸಂಬಂಧವಿಲ್ಲದಂತೆ ಮಾಡಿ, ಹಸಿರು ಗುಂಡಿಗೆ ಜೋಡಿಸಿ, ಹತ್ತು ಸಲ ಪರೀಕ್ಷೆ ಮಾಡಿದೆ. ಇನ್ನು ಯಾರೂ ಬೆರಳು ತೋರಿಸುವಂತಿರಲಿಲ್ಲ.

ಭಾನುವಾರ ಗುಡ್ಡದ ಕಡೆ ಕಿವಿ ಕೊಟ್ಟು ನಿಂತೆ. ಏಳಾಯಿತು, ಏಳೂವರೆ ಆಯಿತು, ಎಲ್ಲೋ ಒಂದೊಂದು ಸಲ ಸಣ್ಣಗೆ ಪೀಂ ಅಂದಿದ್ದು ಬಿಟ್ಟರೆ ಸದ್ದೇ ಇಲ್ಲ. ಎಂಟು ಹೊಡೆಯಿತು. ಎಂಟೂ ಮೂವತ್ತೈದಕ್ಕೆ ಅಮ್ಮನ ಗಾಡಿ ಬಂತು.

ಅವಳು ಇಳಿಯಲೇ ಇಲ್ಲ. ಹ್ಯಾಂಡಲ್ ಹಿಡಿದುಕೊಂಡೇ ಕೂತಿದ್ದಳು, ಕಣ್ಣು ತುಂಬಿತ್ತು. ಆಪರೇಷನ್ ಆಗಿ ದನಿ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದಾಗಲೂ ಅಳದವಳು ಅವಳು. ಎಡಗೈ ಮುಂದೆ ಚಾಚಿ ಹೆಬ್ಬೆರಳು ತೋರಿಸಿದಳು. ಬುಡ ಊದಿಕೊಂಡಿತ್ತು. ಇಳಿಜಾರಿನಲ್ಲಿ ನಾಲ್ಕು ಬೆರಳು ಬ್ರೇಕಿನ ಮೇಲೆ, ಹೆಬ್ಬೆರಳು ಹ್ಯಾಂಡಲ್ ಸುತ್ತ. ಬಲಗೈ ಹೆಬ್ಬೆರಳು ಎಕ್ಸಲರೇಟರ್ ಮೇಲೆ. ಗುಂಡಿ ಒತ್ತುವುದಕ್ಕೆ ಬೆರಳೆಲ್ಲಿದೆ? ಗಾಡಿ ನಿಂತ ಮೇಲೆಯೇ ಒತ್ತಬೇಕು. ಆಮೇಲೆ ಮನೆಯವರು ಕ್ಯಾನು ತೊಳೆದು, ಚಪ್ಪಲಿ ಹುಡುಕಿ ಬರುವಷ್ಟರಲ್ಲಿ ಹೊತ್ತು ಹೋಗಿರುತ್ತದೆ.

ಆಗ ಜೇಬಿನ ಚೀಟಿ ನೆನಪಾಯಿತು. ಮುದುಡಿದ್ದನ್ನು ಬಿಡಿಸಿ ನೋಡಿದೆ. ಶನಿವಾರ ಹಾಲು ಮುಟ್ಟಿದ ಹೊತ್ತು ಏಳು ನಲವತ್ತು ಎಂದಿತ್ತು.

ಅಮ್ಮನ ಬಾಯಿ ಹತ್ತಿರ ಕಿವಿ ಇಟ್ಟೆ. “ನಿನ್ನೆ ಇದ್ದ ಹಾಗೇ ಮಾಡ್ಕೊಡು,” ಎಂದಳು.

“ನಿನ್ನೆ ಇದ್ದದ್ದು ತಪ್ಪಮ್ಮ! ಬ್ರೇಕ್ ಹಿಡಿದ್ರೆ ಹಾರ್ನ್ ಹೊಡ್ಕೊಳ್ಳೋ ಗಾಡಿ ಪ್ರಪಂಚದಲ್ಲಿ ಎಲ್ಲಾದ್ರೂ ಇದೆಯಾ? ಜನ ಏನಂತಾರೆ? ಅಂಗಡಿ ಹೆಸರೇನಾಗ್ಬೇಕು? ತಪ್ಪು ಅಂತ ಗೊತ್ತಿದ್ದೂ ಕೈಯಾರೆ ಜೋಡಿಸ್ಲಾ?”

ಉತ್ತರ ಕೊಟ್ಟಿದ್ದು ನನ್ನ ಗಂಡ. ಎರಡು ದಿನದಿಂದ ನನ್ನ ಬೈಗುಳ ತಿಂದರೂ ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ನನ್ನ ಹತ್ರ ಒಬ್ರು ಗಿರಾಕಿ ಬರ್ತಾರೆ. ಅವ್ರದ್ದು ಒಂದು ಭುಜ ಎರಡು ಇಂಚು ತಗ್ಗು. ನಾನು ಅಂಗೀನ ತಗ್ಗಾಗೇ ಹೊಲಿದು ಕೊಡ್ತೀನಿ. ಹ್ಯಾಂಗರಿಗೆ ಹಾಕಿದ್ರೆ ಅದರಷ್ಟು ಸೊಟ್ಟ ಅಂಗಿ ಇನ್ನೊಂದಿಲ್ಲ. ಅವ್ರು ಹಾಕ್ಕೊಂಡ್ರೆ ನೋಡ್ಬೇಕು, ನೆಟ್ಟಗೆ ಕೂರತ್ತೆ.” ಸೂಜಿಗೆ ದಾರ ಪೋಣಿಸಿಕೊಂಡು ಮುಂದುವರಿಸಿದರು, “ನೀನು ಹ್ಯಾಂಗರಿಗೆ ಹೊಲೀತಿದ್ದೀಯ.”

ನಾನು ಸ್ಪ್ಯಾನರ್ ಎತ್ತಿಕೊಂಡೆ.

ತಪ್ಪನ್ನು ಈ ಸಲ ಸರಿಯಾಗಿ ಮಾಡಿದೆ. ಬ್ರೇಕ್ ಲೈಟಿನಿಂದ ರಿಲೇಗೆ ಹೋಗುವ ವೈರಿನ ನಡುವೆ, ಹ್ಯಾಂಡಲ್ ಪಕ್ಕ ಒಂದು ಸ್ವಿಚ್ ಕೂರಿಸಿದೆ. ಮೇಲಕ್ಕೆ ತಳ್ಳಿದರೆ ಬ್ರೇಕಿನ ಜೊತೆ ಹಾರ್ನ್, ಅದು ಗುಡ್ಡಕ್ಕೆ. ಕೆಳಕ್ಕೆ ತಳ್ಳಿದರೆ ಬರೀ ಬ್ರೇಕು, ಅದು ಬೀದಿಗೆ. ಒಂದೊಂದು ವೈರಿಗೂ ಟೆಸ್ಟ್ ಲ್ಯಾಂಪ್ ಹಿಡಿದೆ. ಗಂಡ ನೋಡುತ್ತಿದ್ದರು, ಪುಣ್ಯಕ್ಕೆ ಬಾಯಿ ಬಿಡಲಿಲ್ಲ.

ಸೋಮವಾರ ಬೆಳಗ್ಗೆ ಗಡಿಯಾರದವರು ತಮ್ಮ ಸ್ಕೂಟರಿನಲ್ಲಿ ಬಂದರು. ನಾನು ಹೇಳದೆ ಕೇಳದೆ ಹಿಂದಿನ ಸೀಟಿನಲ್ಲಿ ಕೂತುಬಿಟ್ಟೆ.

“ನೀವ್ಯಾಕಮ್ಮ?”

“ನೀವು ವಾಚ್ ನೋಡ್ಕೊಂಡು ಗಾಡಿ ಓಡಿಸ್ತೀರಲ್ಲ, ದಾರಿ ನೋಡೋಕೆ ಒಬ್ರು ಬೇಡ್ವಾ?”

ಗುಡ್ಡದ ನೆತ್ತಿಯಲ್ಲಿ ಅಮ್ಮ ಗಾಡಿ ತಿರುಗಿಸಿ, ಸ್ವಿಚ್ ಮೇಲಕ್ಕೆ ತಳ್ಳಿ, ಒಂದು ಸಲ ನಮ್ಮ ಕಡೆ ನೋಡಿ, ಇಳಿಯತೊಡಗಿದಳು. ಮೊದಲ ತಿರುವು ಬಂತು. ಅವಳ ಕೈ ಬ್ರೇಕನ್ನು ಎರಡು ಸಲ ಮೆಲ್ಲಗೆ ಮುಟ್ಟಿ ಮೂರನೇ ಸಲ ಗಟ್ಟಿ ಹಿಡಿಯಿತು.

ಪೆಂ. ಪೆಂ. ಪೇಂ...

ಸ್ಕೂಟರಿನ ಹಿಂದೆ ಕೂತಿದ್ದ ನನಗೆ ಆಗ ಗೊತ್ತಾಯಿತು. ಹಾಲ್, ಹಾಲ್, ಹಾಲೂ. ಇಷ್ಟು ವರ್ಷ ಅವಳು ಕೂಗುತ್ತಿದ್ದದ್ದು ಬ್ರೇಕಿನ ಜೊತೆಗೇ. ಎರಡು ಸಲ ಮುಟ್ಟುವಾಗ ಎರಡು ಸಣ್ಣ ಕೂಗು, ಗಟ್ಟಿ ಹಿಡಿದಾಗ ಉದ್ದದ ಕೂಗು. ಆ ಲೆಕ್ಕ ಅವಳ ಗಂಟಲಿಗಿಂತ ಮೊದಲು ಕೈಯಲ್ಲಿತ್ತು. ಗಂಟಲು ಹೋದರೂ ಕೈ ಅದನ್ನು ಬಿಟ್ಟಿರಲಿಲ್ಲ.

ಮೊದಲ ಮನೆಯ ಗೇಟಿನಲ್ಲಿ ಕ್ಯಾನು ಬಂದು ಕೂತಿತ್ತು. ಎರಡನೆಯದರಲ್ಲೂ ಇತ್ತು. ಮೂರನೇ ಮನೆಯ ಅಜ್ಜ ಒಂದೇ ಚಪ್ಪಲಿಯಲ್ಲಿ ಬಂದಿದ್ದರು, ಆದರೆ ಹೊತ್ತಿಗೆ ಸರಿಯಾಗಿ ಬಂದಿದ್ದರು. ಅಮ್ಮ ಇಳಿಯಬೇಕಾಗಿಯೇ ಬರಲಿಲ್ಲ, ಅವರವರೇ ಹಾಲು ಸುರಿದು ಹೋಗುತ್ತಿದ್ದರು. ಆರನೇ ಮನೆಯಾಕೆ ಕೈಗೆಲ್ಲ ಸೋಪಿನ ನೊರೆ ಮಾಡಿಕೊಂಡೇ ಓಡಿ ಬಂದು ಅಮ್ಮನ ಕೈ ಹಿಡಿದುಕೊಂಡಳು.

“ಶನಿವಾರಾನೂ ಕೇಳಿಸ್ತು ಕಣಕ್ಕಾ, ನಿನ್ನೆ ಇರ್ಲಿಲ್ಲ. ಇವತ್ತು ಮತ್ತೆ ಬಂತಲ್ಲ ನಿಮ್ಮ ದನಿ!”

ಹಾರ್ನ್ ಅನ್ನಲಿಲ್ಲ ಅವಳು. ನಿಮ್ಮ ದನಿ ಅಂದಳು. ನನಗೆ ತಡೆಯಲಾಗಲಿಲ್ಲ.

“ಏನಮ್ಮ, ಏನಾಯ್ತು?” ಎಂದು ಗಡಿಯಾರದವರು ಹಿಂದೆ ತಿರುಗಿದರು.

“ಅಳ್ತಿದ್ದೀನಿ ಸಾರ್. ನೀವು ದಾರಿ ನೋಡಿ.”

ಬೀದಿಗೆ ಬಂದ ತಕ್ಷಣ ಅಮ್ಮ ಸ್ವಿಚ್ ಕೆಳಕ್ಕೆ ತಳ್ಳಿದಳು. ಡೈರಿಯ ಮುಂದೆ ಬೆಕ್ಕಿನಂತೆ ಸದ್ದಿಲ್ಲದೆ ಬಂದು ನಿಂತಳು. ಗಡಿಯಾರದವರು ಮಣಿಕಟ್ಟು ನೋಡಿದರು. ಏಳು ಮೂವತ್ತೆಂಟು. ಅವರು ವಾಚನ್ನು ಕಿವಿಗೆ ಹಿಡಿದು ಓಡುತ್ತಿದೆಯಾ ಎಂದು ನೋಡಿ, ಮತ್ತೊಂದು ಸಲ ಕಣ್ಣು ಹಾಯಿಸಿದರು.

“ವ್ಯಾನ್ ಬೇಡ ಬಿಡಿ,” ಎಂದರು ಕೊನೆಗೆ. “ಬ್ರೇಕಿಗೆ ಹಾರ್ನು! ಇದು ಕಂಪನಿ ಫಿಟಿಂಗಾ?”

“ಅಲ್ಲ ಸಾರ್,” ಎಂದೆ. “ನಾನು ಮಾಡಿದ ತಪ್ಪು.”

ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಅಮ್ಮ ನನ್ನ ತೋಳು ಹಿಡಿದಳು. ಈ ಸಲ ನಾನು ಇಂಜಿನ್ ಆಫ್ ಮಾಡಿ, ಬಾಗಿ, ಅವಳ ಬಾಯಿಗೆ ಕಿವಿ ಕೊಟ್ಟೆ.

“ಆ ಹಳದಿ ಟೇಪು ಸುತ್ತಿದ್ದು ನಾನೇ ಕಣೇ,” ಎಂದಳು. “ಹಿಂದಿನ ಕ್ಯಾನು ತಾಗಿ ತಾಗಿ ವೈರು ಸವೆದಿತ್ತು. ಬೆಂಚಿನ ಮೇಲೆ ಅದೇ ಇತ್ತು, ಸುತ್ತಿದೆ.”

“ಅಮ್ಮಾ! ಮೊದ್ಲೇ ಹೇಳ್ಬಾರ್ದಾ?”

“ಶನಿವಾರಾನೇ ಮೂರು ಸಲ ಹೇಳ್ದೆ. ನೀನು ಕೇಳಿಸ್ಕೊಂಡ್ರೆ ತಾನೆ?”

ಹೌದು, ಮೂರು ಸಲ. ನನಗೆ ಲೆಕ್ಕವೂ ನೆನಪಿತ್ತು. ಹತ್ತೊಂಬತ್ತು ಮನೆಯವರಿಗೆ ಅವಳ ದನಿ ಮುಟ್ಟಲಿ ಎಂದು ಜೋಡಿ ಹಾರ್ನ್ ಕಟ್ಟಿದವಳು ನಾನು, ಪಕ್ಕದಲ್ಲೇ ನಿಂತು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಅವಳ ಊದಿದ ಹೆಬ್ಬೆರಳನ್ನು ನೀವುತ್ತ ನಿಂತೆ. ಅವಳು ನನ್ನ ತಲೆಗೊಂದು ಮೊಟಕಿ, ಅಂಗಡಿಯೊಳಗೆ ಹೊಲಿಯುತ್ತಿದ್ದ ಅಳಿಯನ ಕಡೆ ಗದ್ದ ತೋರಿಸಿದಳು. ಹೋಗು, ಎಂದರ್ಥ.

ಒಳಗೆ ಹೋಗಿ ಬೆಂಚಿನ ಪಕ್ಕ ನಿಂತೆ. ಕೆಮ್ಮಿದೆ. ಅವರು ಯಂತ್ರ ತುಳಿಯುತ್ತಲೇ ಇದ್ದರು.

“ರೀ, ಟೇಪಿನ ವಿಷಯ. ತಪ್ಪಾಯ್ತು,” ಎಂದೆ.

ಅವರು ಯಂತ್ರ ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಗೋಡೆಯ ಮೇಲಿನ ಕೆಂಪು ಅಕ್ಷರಗಳನ್ನೂ ಒಮ್ಮೆ ನೋಡಿಕೊಂಡು, ಕಿವಿಗೆ ಕೈ ಅಡ್ಡ ಹಿಡಿದು, “ಏನಂದೆ? ಸರಿಯಾಗಿ ಕೇಳಿಸ್ಲಿಲ್ಲ, ಸ್ವಲ್ಪ ಜೋರಾಗಿ ಹೇಳು ತಾಯಿ,” ಎಂದರು.

ಹೊರಗೆ ಗಾಡಿಯ ಮೇಲೆ ಕೂತಿದ್ದ ಅಮ್ಮ ಕೀ ತಿರುಗಿಸಿ, ಸ್ವಿಚ್ಚನ್ನು ಮೇಲಕ್ಕೆ ತಳ್ಳಿ, ಬ್ರೇಕ್ ಹಿಡಿದಳು.